ಭೂಮಂಡಲದ ಕಾವೂ ಉಡುಪಿ ಸೀಮೆಯ ಗದ್ದೆಗಳೂ

ಭೂಮಂಡಲದ ಕಾವು ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ಈಗ ಸರ್ವವಿದಿತವಾದ ಸಂಗತಿಯಾಗಿರುವುದು. ಯಂತ್ರಯುಗವು ಆರಂಭವಾಗುವುದಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಇಂಗಾಲಾಮ್ಲವು, ಕಲ್ಲಿದ್ದಲು ಪೆಟ್ರೋಲು ಮುಂತಾದವುಗಳನ್ನು ಸುಟ್ಟುದರಿಂದಲೂ ಕಾಡುಗಳನ್ನು ಕಡಿದುದರಿಂದಲೂ ಇಂದು 420 ಭಾಗಗಳನ್ನು ಮೀರಿದೆ. ನೆಲದಿಂದ ಹೊರಡುವ ಶಾಖವನ್ನು ಇದು ಕಂಬಳಿಯಂತೆ ತಡೆದಿಡುವುದು. ಬರೆದಿಟ್ಟ ಲೆಕ್ಕಗಳಲ್ಲಿ 2024ನೆಯ ಇಸವಿಯೇ ಅತ್ಯಂತ ಬಿಸಿಯಾದ ವರ್ಷ. ಆಗಿನ ಸರಾಸರಿ ಕಾವು ಯಂತ್ರಯುಗಕ್ಕೆ ಹಿಂದಿದ್ದುದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಾಗಿದ್ದಿತು.

ಹೀಗಿರುವಲ್ಲಿ ಮನುಷ್ಯಕುಲವು ಉಳಿದೀತೇ ಎಂದು ಕೇಳುವವರು ಹೆಚ್ಚಾಗಿರುವುದು ಆಶ್ಚರ್ಯವಲ್ಲ. ಕುಲಕ್ಕೆ ಕುಲವೇ ನಿರ್ಮೂಲವಾಗುವುದೆಂದು ವಿಶ್ವಸಂಸ್ಥೆಯ ಹವಾಮಾನ ಪರಿಣತರ ಮಂಡಲಿಯು ತನ್ನ ವರದಿಗಳಲ್ಲಿ ಹೇಳಿಲ್ಲ. ಆದರೆ ಮನುಷ್ಯನು ಬದುಕುವುದು ಭೂಮಂಡಲದಲ್ಲೆಲ್ಲ ಒಟ್ಟಾಗಿ ಅಲ್ಲ. ಒಂದು ಊರಿನಲ್ಲಿ, ಒಂದು ಬಾವಿಯ ನೀರನ್ನು ಕುಡಿದು, ಒಂದು ಬಯಲಿನ ಅಕ್ಕಿಯನ್ನು ಉಂಡು ಬದುಕುವನು. ಆದುದರಿಂದ ಈ ದೊಡ್ಡ ಪ್ರಶ್ನೆಯನ್ನು ಉಡುಪಿ, ಕಾಪು, ಕಾರ್ಕಳ ತಾಲ್ಲೂಕುಗಳ ರೈತರು ತಮ್ಮ ಗದ್ದೆಯ ಹುಣಿಯ ಮೇಲೆ ನಿಂತು ಕೇಳಿಕೊಳ್ಳುವುದೇ ಲೇಸು.

ಘಟ್ಟಕ್ಕೂ ಕಡಲಿಗೂ ನಡುವಣ ಈ ಕಿರಿದಾದ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುವುದು. ಹಿರಿಯರು ಈ ಮಳೆಯ ಕ್ರಮವನ್ನು ನೋಡಿಯೇ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆದರು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಜಾತ್ರೆ ಕೋಲಗಳನ್ನು ಮುಗಿಸಿ ನೇಗಿಲಿನ ಕಡೆಗೆ ತಿರುಗುವುದು ವಾಡಿಕೆ. ಈ ಪಂಚಾಂಗವು ಕಂಠಪಾಠದಿಂದ ಬಂದುದಲ್ಲ, ಹಲವು ತಲೆಮಾರುಗಳ ಅನುಭವದಿಂದ ಬಂದುದು. ಅದು ಈಗ ಸಡಿಲುತ್ತಿರುವುದೇ ಚಿಂತೆಯ ಮೂಲ.

2023ರಲ್ಲಿ ಮುಂಗಾರು ಕೇರಳದ ತೀರವನ್ನು ಮುಟ್ಟಿದುದು ಜೂನ್ 8ರಂದು. ಅದೇ ವರ್ಷದ ಆಗಸ್ಟು ತಿಂಗಳು 1901ರಿಂದ ಈಚೆಗೆ ಭಾರತವು ಕಂಡ ಆಗಸ್ಟುಗಳಲ್ಲೆಲ್ಲ ಅತಿ ಒಣದಾಗಿದ್ದಿತು. 2025ರಲ್ಲಾದರೋ ಮುಂಗಾರು ಮೇ 24ರಂದೇ, ಪತ್ತನಾಜೆಯ ಹೊತ್ತಿಗೇ, ಕೇರಳಕ್ಕೆ ಬಂದಿಳಿಯಿತು. ಇನ್ನು ಉಡುಪಿಯ ಮಾತು: 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳಕಂಡು, ಉಡುಪಿ ಮಣಿಪಾಲಗಳ ಜನರು ಕುಡಿಯುವ ನೀರಿಗೆ ಪರದಾಡಿದರು, ಮರುವರ್ಷ ಸೆಪ್ಟೆಂಬರು 20ರಂದು ಅದೇ ಸ್ವರ್ಣೆಯು ಉಕ್ಕಿ ಹರಿದು, ಮನೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಒಂದೇ ನದಿ, ಹದಿನಾರು ತಿಂಗಳ ಅಂತರ. ಒಂದೊಂದು ವರ್ಷದ ಅತಿರೇಕವನ್ನೇ ಹಿಡಿದು ಭೂಮಂಡಲದ ಕಾವಿಗೆ ಗಂಟುಹಾಕುವುದು ಯುಕ್ತವಲ್ಲ. ಹಿಂದೆಯೂ ನೆರೆ ಬಂದುದುಂಟು, ಮಳೆ ತಪ್ಪಿದುದುಂಟು. ಆದರೆ ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಹಿಡಿದುದನ್ನು ಸುರಿಸುವಾಗ ಒಮ್ಮೆಗೇ ಸುರಿಸುವುದು. ಕಾವೇರಿದ ಅರಬ್ಬೀ ಸಮುದ್ರವೂ ಈಗ ಬಲವಾದ ಚಂಡಮಾರುತಗಳನ್ನು ಹಿಂದಿಗಿಂತ ಹೆಚ್ಚಾಗಿ ಎಬ್ಬಿಸುತ್ತಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಅಲೆಗಳು ಕಾಪುವಿನ ತೀರವನ್ನು ಕೊರೆದುದನ್ನು ಅಲ್ಲಿಯವರು ಮರೆತಿಲ್ಲ.

ನೆರೆಯಾದರೂ ಬಂದುಹೋಗುವುದು. ಸದ್ದಿಲ್ಲದೆ ಬಂದು ನಿಲ್ಲುವ ಶತ್ರುವೆಂದರೆ ಉಪ್ಪುನೀರು. 1901ರಿಂದ 2018ರವರೆಗೆ ಲೋಕದ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಏರಿರುವುದು. ಒಂದು ಗೇಣಷ್ಟು ಏರಿದರೆ ಏನಾಯಿತೆಂದು ಕೆಲವರು ಕೇಳಬಹುದು. ತೀರದ ಮರಳಿನಡಿಯಲ್ಲಿ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುವುದು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಅಡಿಗಳವರೆಗೆ ಉಪ್ಪುನೀರು ಮೇಲೇಳಲಾರದು. ಈ ಲೆಕ್ಕವನ್ನು ಗೈಬೆನ್ ಮತ್ತು ಹೆರ್ಜ್‌ಬರ್ಗ್ ಎಂಬ ಇಬ್ಬರು ಐರೋಪ್ಯ ಶಾಸ್ತ್ರಜ್ಞರು ಶತಮಾನಕ್ಕೂ ಹಿಂದೆಯೇ ಕಂಡುಹಿಡಿದರು. ಅದರ ತಿರುವನ್ನೂ ನೆನೆಯಬೇಕು: ಪಂಪುಗಳಿಂದ ಎಳೆದು ಸಿಹಿನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರುವುದು. ಸಮುದ್ರವು ಒಂದು ಗೇಣು ಏರುವುದೂ ಬಾವಿಯ ನೀರು ಒಂದು ಗೇಣು ಇಳಿಯುವುದೂ ಈ ತಕ್ಕಡಿಯಲ್ಲಿ ಬಹುಮಟ್ಟಿಗೆ ಒಂದೇ.

ಕಾಪು ತಾಲ್ಲೂಕಿನ ಮಟ್ಟು ಗ್ರಾಮವನ್ನು ನೋಡಿದರೆ ಇದರ ಅರ್ಥ ತಿಳಿಯುವುದು. ಪಡುವಲಿಗೆ ಕಡಲು, ಮೂಡಲಿಗೆ ಹೊಳೆ. ನಡುವೆ ಒಂದು ಪಟ್ಟಿಯಷ್ಟು ನೆಲ. ಶ್ರೀ ವಾದಿರಾಜ ಯತಿಗಳು ಬೀಜ ಕೊಟ್ಟರೆಂದು ಪ್ರತೀತಿಯಿರುವ ಮಟ್ಟುಗುಳ್ಳವು ಈ ನೆಲದ್ದು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇರೆಡೆಯಲ್ಲಿ ಬೆಳೆದ ಗುಳ್ಳಕ್ಕೆ ಆ ರುಚಿಯಿಲ್ಲವೆಂದು ಉಡುಪಿಯ ಅಡಿಗೆಯವರು ಸಾಧಿಸುವರು. ಮಳೆಗಾಲದ ಬತ್ತವನ್ನು ಕೊಯ್ದ ಬಳಿಕ ಬೇಸಗೆಯವರೆಗೂ ಗುಳ್ಳದ ಗಿಡಗಳಿಗೆ ಸಿಹಿನೀರು ಬೇಕು. ಹೊಳೆಯಲ್ಲಿ ಭರತದ ನೀರು ಮೇಲೇರಿ ಬಾವಿಗೆ ಉಪ್ಪು ಇಳಿದ ದಿನ ಬೀಜವೂ ನಿಷ್ಪ್ರಯೋಜಕ, ಮಾನ್ಯತೆಯ ಕಾಗದವೂ ನಿಷ್ಪ್ರಯೋಜಕ.

ಬತ್ತದ ಗದ್ದೆಗಳ ಸ್ಥಿತಿಯೂ ಇದೇ ಬಗೆಯದು. ಏಣೆಲಿನ ಕಾಲದಲ್ಲಿ ಜಡಿಮಳೆಯು ಉಪ್ಪನ್ನು ತೊಳೆದು ಒಯ್ಯುವುದು. ಕಷ್ಟಕ್ಕೆ ಬರುವವು ಸುಗ್ಗಿ ಮತ್ತು ಕೊಳಕೆಗಳೇ. ಎಳೆಯ ನೇಜಿಯೂ ಹೂಬಿಡುವ ಪೈರೂ ಉಪ್ಪನ್ನು ಸೈರಿಸವು. ಬಿಸಿಯೂ ಬೇರೆ: ಹೂವಿನ ಸಮಯದಲ್ಲಿ ಕಾವು 35 ಡಿಗ್ರಿಯನ್ನು ಮೀರಿದರೆ ಕಾಳು ಕಟ್ಟದೆ ಜಳ್ಳಾಗುವುದು. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಬತ್ತ ಸಂಶೋಧನಾಲಯದವರು 2004ರಲ್ಲಿ ಪ್ರಕಟಿಸಿದಂತೆ, ಬೇಸಗೆಯ ಬೆಳೆಯಲ್ಲಿ ರಾತ್ರಿಯ ಕಾವು ಒಂದು ಡಿಗ್ರಿ ಏರಿದುದಕ್ಕೆ ಇಳುವರಿ ನೂರಕ್ಕೆ ಹತ್ತರಷ್ಟು ತಗ್ಗಿತು.

ಇಷ್ಟಕ್ಕೂ ಉತ್ತರವಾಗಿ ಈ ಸೀಮೆಯಲ್ಲಿ ಇರುವುದು ಹಳೆಯ ಉಪಾಯವೇ, ಅದೇ ಕಟ್ಟ. ಮಳೆ ಹಿಂದೆಗೆದ ಮೇಲೆ ಊರವರು ಕೂಡಿ ತೋಡಿಗೆ ಅಡ್ಡಲಾಗಿ ಮಣ್ಣು ಕಲ್ಲುಗಳಿಂದ ಕಟ್ಟ ಹಾಕುವುದು, ಮುಂದಿನ ಮಳೆಯಲ್ಲಿ ಅದು ಕೊಚ್ಚಿಹೋಗುವುದು. ಇದರ ಸ್ಥಿರರೂಪವೇ ಕಿಂಡಿ ಅಣೆಕಟ್ಟು. ಕಿಂಡಿಗಳಿಗೆ ಎರಡು ಸಾಲು ಹಲಗೆಗಳನ್ನು ಇಳಿಸಿ ನಡುವೆ ಮಣ್ಣು ತುಂಬಿದರೆ ಮೇಲ್ಗಡೆಯಲ್ಲಿ ಸಿಹಿನೀರು ನಿಂತು ಬಾವಿಗಳ ಮಟ್ಟವನ್ನು ಎತ್ತುವುದು. ಕೆಳಗಿನಿಂದ ಬರುವ ಭರತಕ್ಕೆ ತಡೆಯಾಗುವುದು. ಸರಕಾರದ ಪಶ್ಚಿಮವಾಹಿನಿ ಯೋಜನೆಯು ಇಂತಹ ಅಣೆಕಟ್ಟುಗಳಿಗಾಗಿಯೇ ಇರುವುದು. ಆದರೆ ಕಾಂಕ್ರೀಟು ಎಷ್ಟೇ ಗಟ್ಟಿಯಾಗಿದ್ದರೂ ಹಲಗೆಯನ್ನು ಇಳಿಸುವವರೂ ಎತ್ತುವವರೂ ಬೇಕು. ತಡವಾಗಿ ಇಳಿಸಿದರೆ ತೋಡು ಬತ್ತಿರುವುದು. 2025ರಂತೆ ಮೇ ತಿಂಗಳಲ್ಲೇ ಮಳೆ ಹಿಡಿದಾಗ ಎತ್ತದೆ ಬಿಟ್ಟರೆ ನೀರು ದಡವನ್ನು ಕೊರೆದು ಗದ್ದೆಗೆ ನುಗ್ಗುವುದು. ಬಯಲಿನ ಗದ್ದೆಗಳು ಹಡಿಲು ಬಿದ್ದ ಊರಿನಲ್ಲಿ ಈ ಕೆಲಸಕ್ಕೆ ಜನವಿಲ್ಲ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು ಭೂಮಿಯಲ್ಲಿ ಮತ್ತೆ ಬೇಸಾಯ ನಡೆದುದು ಅಕ್ಕಿಯ ದೃಷ್ಟಿಯಿಂದ ಮಾತ್ರವಲ್ಲ, ತೋಡು ಹುಣಿಗಳ ದೃಷ್ಟಿಯಿಂದಲೂ ಗಣನೀಯವಾದುದು.

ಕಾರ್ಕಳದ ಅಡಕೆ ತೋಟಗಳಲ್ಲಿ ತಿಥಿ ತಪ್ಪಿದ ಮಳೆಯ ಪೆಟ್ಟು ಬೇರೆ ಬಗೆಯದು. ಕೊಳೆರೋಗವನ್ನು 1910ರಲ್ಲಿ ಮೈಸೂರಿನ ಡಾಕ್ಟರ್ ಕೋಲ್ಮನ್ನರು ವಿವರವಾಗಿ ಪರೀಕ್ಷಿಸಿದ ಕಾಲದಿಂದ ಬೋರ್ಡೋ ದ್ರಾವಣವೇ ಅದಕ್ಕೆ ಮದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮೊದಲ ಸಿಂಪರಣೆಯು ಮಳೆ ಹಿಡಿಯುವುದಕ್ಕೆ ಮುಂಚೆ ಆಗಬೇಕು. ಎರಡನೆಯದು 40ರಿಂದ 45 ದಿನಗಳ ಬಳಿಕ. ಜೂನಿಗೆಂದು ಕಾದವರಿಗೆ ಮೇ ತಿಂಗಳ ಮಳೆ ಅವಕಾಶ ಕೊಡದು. ಆದುದರಿಂದ ಮೈಲುತುತ್ತವನ್ನೂ ಮರ ಹತ್ತುವ ಆಳನ್ನೂ ಮೇ ತಿಂಗಳ ನಡುವಿನೊಳಗೇ ಗೊತ್ತುಮಾಡಿಕೊಳ್ಳತಕ್ಕದ್ದು.

ಭೂಮಂಡಲದ ಕಾವನ್ನು ಇಳಿಸುವ ಶಕ್ತಿಯು ಬೈಲುಗದ್ದೆಯ ರೈತನಲ್ಲಿಲ್ಲ. ಅದನ್ನು ಏರಿಸಿದುದರಲ್ಲಿ ಅವನ ಪಾಲು ಅತ್ಯಲ್ಪ. 2015ರಲ್ಲಿ ಪ್ಯಾರಿಸಿನಲ್ಲಿ ಒಪ್ಪಂದ ಮಾಡಿಕೊಂಡ ರಾಷ್ಟ್ರಗಳೇ ಆ ಭಾರವನ್ನು ಹೊರಬೇಕು. ರೈತನು ಮಾಡಬಹುದಾದುದು ಬೀಜದಲ್ಲಿಯೂ ತಿಥಿಯಲ್ಲಿಯೂ ಎಚ್ಚರ. ನೇಜಿಯನ್ನು ಒಂದೇ ದಿನ ಹಾಕದೆ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ಹಾಕಿದರೆ, ನೆರೆಗೆ ಒಂದು ಹೋದರೂ ಇನ್ನೊಂದು ಉಳಿಯುವುದು. ನೀರು ನಿಲ್ಲುವ ತಗ್ಗು ಗದ್ದೆಗಳಿಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಹೊರತಂದ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿಯ ತಳಿಯನ್ನು ಪರೀಕ್ಷಿಸಿ ನೋಡಬಹುದು. ಉಪ್ಪು ಸೋಕುವ ನೆಲಕ್ಕೆ ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳ ಕಗ್ಗ ಬತ್ತವು ಉದಾಹರಣೆಯಾಗಿದೆ. ಇಳುವರಿ ಕಡಿಮೆಯಾದರೂ ಉಪ್ಪುನೀರಿನಲ್ಲಿ ಸಾಯದ ಜಾತಿಯದು. ಹಲಗೆಗಳ ವಿಷಯದಲ್ಲಿ ಪ್ರತಿ ಅಣೆಕಟ್ಟಿನ ಫಲಾನುಭವಿಗಳು ಇಬ್ಬರು ಮೂವರನ್ನು ಹೆಸರು ಹಿಡಿದು ನೇಮಿಸಿಕೊಂಡು, ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಏಪ್ರಿಲ್ ಕೊನೆಯಿಂದ ದಿನವೂ ವಿಚಾರಿಸತಕ್ಕದ್ದು. ಎತ್ತಿದ ಹಲಗೆಗಳನ್ನು ತೊಳೆದು, ಒಣಗಿಸಿ, ಗೆದ್ದಲು ತಾಗದಂತೆ ಅಟ್ಟದ ಮೇಲೆ ಇಟ್ಟರೆ ಕಾರ್ತಿಕದಲ್ಲಿ ಹೊಸ ಮರ ಹುಡುಕುವ ಕೆಲಸ ತಪ್ಪುವುದು.