ನಮ್ಯ ರಚನೆಗಳಲ್ಲಿ ಕಂಪನದ ಸಕ್ರಿಯ ನಿಯಂತ್ರಣ

ಕುರಕುಂಟಾ, ಸೇಡಂ, ವಾಡಿಗಳ ಸುಣ್ಣಕಲ್ಲಿನ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಗಾಳಿ ಬೀಸುವಾಗ ಇಂತಹ ಎತ್ತರದ ರಚನೆಯ ಎರಡೂ ಪಕ್ಕಗಳಿಂದ ಸುಳಿಗಳು ಸರದಿಯಂತೆ ಕಳಚಿಕೊಳ್ಳುತ್ತವೆ. ಅವುಗಳ ಆವರ್ತಾಂಕವು ಚಿಮಣಿಯ ಸ್ವಾಭಾವಿಕ ಆವರ್ತಾಂಕಕ್ಕೆ ಹೊಂದಿಬಿಟ್ಟರೆ ತೂಗಾಟ ಬೆಳೆಯುತ್ತದೆ. ಉಕ್ಕಿನ ಚಿಮಣಿಯ ಮೇಲ್ಭಾಗಕ್ಕೆ ಸುರುಳಿಪಟ್ಟಿಯನ್ನು ಸುತ್ತಿ ಸುಳಿಗಳ ಲಯವನ್ನು ಮುರಿಯುವುದು ಹಳೆಯ ಉಪಾಯ. ಇದು ನಿಷ್ಕ್ರಿಯ ನಿಯಂತ್ರಣ. ಇಲ್ಲಿ ಕಂಪನವನ್ನು ಅಳೆಯುವ, ಅದಕ್ಕೆ ಪ್ರತಿಕ್ರಿಯಿಸುವ ಸಾಧನವೇನೂ ಇಲ್ಲ.

ಸಕ್ರಿಯ ನಿಯಂತ್ರಣದ ರೀತಿಯೇ ಬೇರೆ. ಕಾವಡಿಯಲ್ಲಿ ನೀರು ಹೊತ್ತವನು ಬಿದಿರಿನ ಕುಲುಕಾಟವನ್ನು ಹೆಗಲಿನಿಂದ ಅರಿತು ಹೆಜ್ಜೆಯನ್ನು ಬದಲಿಸುತ್ತಾನೆ: ಹೆಗಲು ಸಂವೇದಕ, ಕಾಲು ಪ್ರಚೋದಕ. ತೆಳು ತೊಲೆಯ ಬುಡಕ್ಕೆ ಪೀಜೋವಿದ್ಯುತ್ ತುಣುಕುಗಳನ್ನು ಅಂಟಿಸಿದರೆ ಇದೇ ಕಾರ್ಯ ನಡೆಯುತ್ತದೆ. ತೊಲೆ ಬಾಗಿದಾಗ ಒಂದು ತುಣುಕಿನಲ್ಲಿ ವಿದ್ಯುದ್ವಿಭವ ಹುಟ್ಟುತ್ತದೆ. ಅದರಿಂದ ಲೆಕ್ಕಹಾಕಿದ ವಿಭವವನ್ನು ಇನ್ನೊಂದಕ್ಕೆ ಕೊಟ್ಟಾಗ ಅದು ಹಿಗ್ಗಿ ಕುಗ್ಗಿ ತೊಲೆಯನ್ನು ಎದುರು ದಿಕ್ಕಿಗೆ ಬಾಗಿಸುತ್ತದೆ. ಬಲವು ಚಲನೆಯ ವೇಗಕ್ಕೆ ವಿರುದ್ಧವಾಗಿದ್ದರೆ ಮಾತ್ರ ಕಂಪನದ ಶಕ್ತಿ ತಗ್ಗುತ್ತದೆ.

ಈ ಸಮಸ್ಯೆ ತೀವ್ರವಾಗುವುದು ಅಂತರಿಕ್ಷದಲ್ಲಿ. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವು 26 ಮುಖಗಳ ಗಟ್ಟಿ ಕಾಯ. ಸೌರಕೋಶಗಳು ಅದರ ಮೈಗೇ ಅಂಟಿದ್ದವು. 1992ರ ಇನ್ಸಾಟ್-2ಎ ಉಪಗ್ರಹದಲ್ಲಾದರೋ ಒಂದು ಬದಿಗೆ ಸೌರಫಲಕಗಳು, ಇನ್ನೊಂದು ಬದಿಗೆ ಉದ್ದನೆಯ ದಂಡದ ತುದಿಯಲ್ಲಿ ಸೌರಪಟ ಚಾಚಿಕೊಂಡಿದ್ದವು. ನಿರ್ವಾತದಲ್ಲಿ ಗಾಳಿಯ ತಡೆಯಿಲ್ಲ. ಇಂತಹ ಹಗುರ ಅಂಗಗಳ ಅಲುಗಾಟ ಬೇಗನೆ ಅಡಗದು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಸೌರಫಲಕಗಳು ಭೂಮಿಯ ನೆರಳಿನ ಅಂಚನ್ನು ದಾಟುವಾಗಲೆಲ್ಲ ಬಿಸಿ-ತಂಪಿನ ಏರುಪೇರಿನಿಂದ ನಡುಗಿ ದೂರದರ್ಶಕದ ಗುರಿಯನ್ನೇ ಕದಲಿಸಿದವು. ನಿಯಂತ್ರಣದ ತಂತ್ರಾಂಶವನ್ನು ತಿದ್ದಿಯೂ ಸಾಲದೆ 1993ರ ಡಿಸೆಂಬರ್‌ನಲ್ಲಿ ಫಲಕಗಳನ್ನು ಬದಲಾಯಿಸಲಾಯಿತು.

ನಿಯಂತ್ರಣವೇ ಕಂಪನಕ್ಕೆ ಕಾರಣವಾಗಬಲ್ಲದೆಂಬುದು ಈ ವಿಷಯದ ಅತ್ಯಂತ ಗಹನ ಭಾಗವೆಂದು ನನ್ನ ಎಣಿಕೆ. ನಮ್ಯ ಕಾಯಕ್ಕೆ ತತ್ತ್ವತಃ ಅಸಂಖ್ಯ ಕಂಪನರೂಪಗಳಿವೆ. ಗಣಕವು ಮೊದಲ ಕೆಲವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಸಂವೇದಕ ಮಾತ್ರ ಎಲ್ಲವನ್ನೂ ಬೆರೆಸಿ ವರದಿ ಮಾಡುತ್ತದೆ, ಪ್ರಚೋದಕ ಎಲ್ಲವನ್ನೂ ಕೆರಳಿಸುತ್ತದೆ. ಲೆಕ್ಕದಿಂದ ಬಿಟ್ಟ ರೂಪವೊಂದು ಹೀಗೆ ಪೋಷಣೆ ಪಡೆದು ಬೆಳೆಯಬಹುದೆಂದು ಮಾರ್ಕ್ ಬಾಲಸ್ 1978ರಲ್ಲಿ ತೋರಿಸಿದರು. ವಿಳಂಬವೂ ಅಷ್ಟೇ ಅಪಾಯಕಾರಿ. ಸೆಕೆಂಡಿಗೆ 2 ಬಾರಿ ತೂಗುವ ತೊಲೆಗೆ ಬಲವು ಕಾಲು ಸೆಕೆಂಡು ತಡವಾಗಿ ತಲುಪಿದರೆ, ತಡೆಯಬೇಕಾದ ಕೈಯೇ ತೊಟ್ಟಿಲನ್ನು ತೂಗಿದಂತಾಗುತ್ತದೆ; ಸೆಕೆಂಡಿಗೆ 50 ಬಾರಿ ಕಂಪಿಸುವ ರೂಪಕ್ಕೆ ಸೆಕೆಂಡಿನ ನೂರನೇ ಒಂದು ಪಾಲಿನ ವಿಳಂಬವೇ ಸಾಕು.

ಸಂವೇದಕವನ್ನೂ ಪ್ರಚೋದಕವನ್ನೂ ಒಂದೇ ಜಾಗದಲ್ಲಿರಿಸಿ ಅಲ್ಲಿನ ವೇಗಕ್ಕೆ ವಿರುದ್ಧವಾಗಿ ಬಲ ಕೊಡುವುದು ಇದಕ್ಕೊಂದು ಪರಿಹಾರ. ಸಾಧನಗಳಲ್ಲಿ ವಿಳಂಬವಿಲ್ಲದಿದ್ದರೆ ಆಗ ಯಾವ ರೂಪಕ್ಕೂ ಶಕ್ತಿ ಸೇರದು. ಆದರೆ ವಿಳಂಬವಿಲ್ಲದ ಸಾಧನ ಎಲ್ಲಿದೆ? ಹಾಗಾಗಿ ಸಕ್ರಿಯ ವ್ಯವಸ್ಥೆಗಳಲ್ಲೂ ತೊಲೆಗೆ ಕಂಪನ ಹೀರುವ ಮೆದು ಪದರವೊಂದನ್ನು ಹೊದಿಸುವ ಹಳೆಯ ರೂಢಿ ಉಳಿದುಕೊಂಡಿದೆ: ಗಣಕದ ಲೆಕ್ಕಕ್ಕೆ ಸಿಗದ ಮೇಲಿನ ಆವರ್ತಾಂಕಗಳನ್ನು ಆ ಪದರವೇ ಅಡಗಿಸುತ್ತದೆ.