ಮಾನಿಟರ್ ಕೊಳ್ಳುವ ಮುನ್ನ: ಇಂಚು ನೋಡಿದರಷ್ಟೇ ಸಾಲದು

ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ದೊಡ್ಡದು ಎಂದು ಹತ್ತು ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ಮಾನಿಟರ್‌ನ ಸರದಿ ಬಂದಾಗ ಮಾತ್ರ, ಕೈಯಲ್ಲಿ ಉಳಿದ ಹಣಕ್ಕೆ ಸಿಗುವ ದೊಡ್ಡ ಪರದೆಯೇ ಸಾಕೆಂದುಕೊಳ್ಳುವವರು ಹೆಚ್ಚು. ಸಿಪಿಯು ಪೆಟ್ಟಿಗೆಯೊಳಗಿನ ಭಾಗಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಒಳ್ಳೆಯ ಮಾನಿಟರ್ ಮಾತ್ರ ಮುಂದಿನ ಕಂಪ್ಯೂಟರ್‌ಗೂ ಜೊತೆಯಾಗಬಲ್ಲದು. ದಿನವಿಡೀ ಕಣ್ಣು ನೆಟ್ಟು ಕೂರುವುದೂ ಅದರ ಮುಂದೆಯೇ. ಕನ್ನಡದಲ್ಲಿ ಓದಿ ಬರೆಯುವವರಿಗಂತೂ ಈ ಆಯ್ಕೆ ಇನ್ನಷ್ಟು ಮಹತ್ವದ್ದು. ಅದಕ್ಕೆ ಕಾರಣ ಕನ್ನಡ ಲಿಪಿಯ ರಚನೆಯಲ್ಲೇ ಇದೆ.

ಇಂಚಿನ ಲೆಕ್ಕಾಚಾರ

ಮಾನಿಟರ್‌ನ ಗಾತ್ರವೆಂದು ಹೇಳುವ ಇಂಚು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಅದು ಮೂಲೆಯಿಂದ ಮೂಲೆಗೆ ಅಳೆದ ಕರ್ಣದ ಉದ್ದ. ಆದ್ದರಿಂದ ಪರದೆಯ ಆಕಾರ ಬದಲಾದರೆ ಅದೇ ಇಂಚಿಗೆ ಸಿಗುವ ಜಾಗವೂ ಬದಲಾಗುತ್ತದೆ. ಹಿಂದೆ ಕಚೇರಿಗಳಲ್ಲಿ ಸಾಮಾನ್ಯವಾಗಿದ್ದ, ಹೆಚ್ಚು ಕಡಿಮೆ ಚೌಕಾಕಾರದ 19 ಇಂಚಿನ ಎಲ್‌ಸಿಡಿ ಪರದೆಯ ಎತ್ತರ ಸುಮಾರು 30 ಸೆಂಟಿಮೀಟರ್. ಈಗಿನ ಅಗಲ ಪರದೆಗಳಲ್ಲಿ ಅಷ್ಟೇ ಎತ್ತರ ಬೇಕೆಂದರೆ 24 ಇಂಚಿನದನ್ನೇ ಕೊಳ್ಳಬೇಕಾಗುತ್ತದೆ. ಹಳೆಯ 19 ಇಂಚಿನ ಜಾಗಕ್ಕೆ 19 ಇಂಚಿನ ಅಗಲ ಪರದೆ ತಂದವರು, ಪುಟವೊಂದರಲ್ಲಿ ಮೊದಲಿಗಿಂತ ಕಡಿಮೆ ಸಾಲು ಕಾಣುತ್ತಿವೆ ಎಂದು ಬೇಸರಿಸುವುದು ಇದೇ ಕಾರಣಕ್ಕೆ.

ಗಾತ್ರ ನಿರ್ಧರಿಸುವ ಮುನ್ನ ಮೇಜಿನ ಆಳವನ್ನೂ ಅಳೆದುಕೊಳ್ಳುವುದು ಒಳ್ಳೆಯದು. ಕಣ್ಣಿಗೂ ಪರದೆಗೂ ನಡುವೆ ಒಂದು ತೋಳಿನಷ್ಟು, ಅಂದರೆ ಸುಮಾರು 50ರಿಂದ 70 ಸೆಂಟಿಮೀಟರ್ ಅಂತರ ಇರಬೇಕು. ಕಿರಿದಾದ ಮೇಜಿನ ಮೇಲೆ 32 ಇಂಚಿನ ಪರದೆ ಇಟ್ಟರೆ ಅಂಚಿನಿಂದ ಅಂಚಿಗೆ ಕತ್ತು ತಿರುಗಿಸುತ್ತಲೇ ಇರಬೇಕಾಗುತ್ತದೆ.

ದನವೋ ಧನವೋ?

ಪರದೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದ ಕೂಡಿದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಪರದೆ ದೊಡ್ಡದಾದ ಮಾತ್ರಕ್ಕೆ ಬಿಂದುಗಳ ಸಂಖ್ಯೆ ಹೆಚ್ಚುವುದಿಲ್ಲ. ಪ್ರತಿ ಬಿಂದುವೂ ದಪ್ಪವಾಗುತ್ತದೆ ಅಷ್ಟೇ. ಫುಲ್ ಎಚ್‌ಡಿ ಪರದೆ 21.5 ಇಂಚಿನದಾದರೆ ಪ್ರತಿ ಇಂಚಿಗೆ 102 ಪಿಕ್ಸೆಲ್ ಸಿಗುತ್ತವೆ. 24 ಇಂಚಿನದಾದರೆ 92, 27 ಇಂಚಿನದಾದರೆ 82ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚು ಹಣ ತೆತ್ತು ದೊಡ್ಡ ಪರದೆ ತಂದವರಿಗೆ ಸಿಗುವುದು ಹೆಚ್ಚು ಒರಟಾದ ಅಕ್ಷರ.

ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಕನ್ನಡದಲ್ಲಿ ಹಾಗಲ್ಲ, ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ', 'ಶಾಸ್ತ್ರ' ಮೊದಲಾದ ಪದಗಳಲ್ಲಿ ಒಂದು ಒತ್ತಿಗೆ ಮತ್ತೊಂದು ಒತ್ತು. 12 ಪಾಯಿಂಟ್ ಗಾತ್ರದ ಅಕ್ಷರಕ್ಕೆ ವಿಂಡೋಸ್‌ನ ಮೂಲ ವ್ಯವಸ್ಥೆಯಲ್ಲಿ ಸಿಗುವ ಅಳತೆ 16 ಪಿಕ್ಸೆಲ್. ಇಷ್ಟೆಲ್ಲವೂ ಹೆಚ್ಚು ಕಡಿಮೆ ಅಷ್ಟರೊಳಗೇ ಅಡಕವಾಗಬೇಕು. ಅದರ ಮೇಲೆ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಅಕ್ಷರಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಒರಟು ಪರದೆಯಲ್ಲಿ ಆ ಗೀಟು ಪಕ್ಕದ ಬಿಂದುವಿನೊಡನೆ ಬೆರೆತುಹೋದರೆ 'ಧನ'ವು 'ದನ'ವಾಗಿ ಕಾಣಬಹುದು. ಕರಡು ತಿದ್ದುವವರು, ದಸ್ತಾವೇಜು ಬೆರಳಚ್ಚು ಮಾಡುವವರು, ಪಠ್ಯ ಓದುವ ವಿದ್ಯಾರ್ಥಿಗಳು ಪರದೆಯತ್ತ ಬಾಗಿ ಕೂರಲು ಇದೂ ಒಂದು ಕಾರಣ.

ಆದ್ದರಿಂದ ಫುಲ್ ಎಚ್‌ಡಿ ಕೊಳ್ಳುವವರು 24 ಇಂಚನ್ನು ಮೀರದಿರುವುದು ಲೇಸು. 27 ಇಂಚೇ ಬೇಕೆಂದರೆ 2560x1440 ಬಿಂದುಗಳ ಪರದೆ ಸೂಕ್ತ. ಅಲ್ಲಿ ಪ್ರತಿ ಇಂಚಿಗೆ 109 ಪಿಕ್ಸೆಲ್ ಸಿಗುತ್ತವೆ. ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಬಿಂದುಗಳಿರುವ 4ಕೆ ಪರದೆ ಅದೇ ಗಾತ್ರದಲ್ಲಿ 163 ಪಿಕ್ಸೆಲ್ ನೀಡುತ್ತದೆ. ಅದರಲ್ಲಿ ಅಕ್ಷರ ತೀರ ಚಿಕ್ಕದಾಗಿ ಕಾಣುವುದೆಂಬ ಅಂಜಿಕೆ ಬೇಡ. ಸೆಟ್ಟಿಂಗ್ಸ್‌ನಲ್ಲಿ ಗಾತ್ರವನ್ನು 150 ಪ್ರತಿಶತಕ್ಕೆ ಏರಿಸಿದರೆ ಅಕ್ಷರ ದೊಡ್ಡದಾಗುವುದರ ಜೊತೆಗೆ ಅಚ್ಚಿನ ಪುಟದಂತೆ ನಯವಾಗಿಯೂ ಕಾಣುತ್ತದೆ.

ಯಾವ ಪ್ಯಾನೆಲ್?

ಎಲ್‌ಸಿಡಿ ಪರದೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಟಿಎನ್ ಪ್ಯಾನೆಲ್ ಅಗ್ಗ. ಆದರೆ ಸ್ವಲ್ಪ ಕೆಳಗಿನಿಂದ ಅಥವಾ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ. ಐಪಿಎಸ್ ಪ್ಯಾನೆಲ್‌ನಲ್ಲಿ ಯಾವ ಕೋನದಿಂದ ನೋಡಿದರೂ ಬಣ್ಣ ಬಹುಮಟ್ಟಿಗೆ ಒಂದೇ. ಮನೆಮಂದಿ ಒಟ್ಟಿಗೆ ನೋಡುವುದಕ್ಕೂ ಚಿತ್ರವಿನ್ಯಾಸದ ಕೆಲಸಕ್ಕೂ ಇದು ಹೊಂದುತ್ತದೆ. ವಿಎ ಪ್ಯಾನೆಲ್‌ನ ಹೆಚ್ಚುಗಾರಿಕೆ ಗಾಢವಾದ ಕಪ್ಪು: ಐಪಿಎಸ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000:1ರ ಆಸುಪಾಸಿನಲ್ಲಿದ್ದರೆ ವಿಎಯಲ್ಲಿ 3000:1ರಷ್ಟಿರುತ್ತದೆ. ಮಂದ ಬೆಳಕಿನಲ್ಲಿ ಸಿನಿಮಾ ನೋಡುವವರಿಗೆ ಅದು ಹಿಡಿಸಬಹುದು.

ಇತ್ತೀಚಿನ ಒಎಲ್ಇಡಿ ಪರದೆಗಳಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಚಿತ್ರ ಅತ್ಯುತ್ತಮ. ಆದರೆ ಕೆಳಗಿನ ಟಾಸ್ಕ್‌ಬಾರ್‌ನಂತೆ ಕದಲದೆ ನಿಲ್ಲುವ ಚಿತ್ರಗಳು ಕಾಲಾಂತರದಲ್ಲಿ ಪರದೆಯ ಮೇಲೆ ಕಲೆಯಾಗಿ ಉಳಿಯುವ ಸಂಭವವಿದೆ. ದಿನವಿಡೀ ಒಂದೇ ಕಡತ ತೆರೆದಿಡುವ ಕಚೇರಿ ಕೆಲಸಕ್ಕೆ ಅದು ತಕ್ಕ ಆಯ್ಕೆಯಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಲಕ್ಷ, ಕೋಟಿಗಳಲ್ಲಿ ಬರೆಯುವ 'ಡೈನಮಿಕ್ ಕಾಂಟ್ರಾಸ್ಟ್' ಹಿಂಬದಿಯ ಬೆಳಕನ್ನು ಏರಿಸಿ ಇಳಿಸಿ ಅಳೆದ ಅಂಕಿ. ನಿತ್ಯದ ಬಳಕೆಯಲ್ಲಿ ಅದಕ್ಕೆ ಅರ್ಥವಿಲ್ಲ. 'ಒಂದು ಮಿಲಿಸೆಕೆಂಡ್' ಎಂಬ ವೇಗ ಮುಖ್ಯವಾಗುವುದು ಆಟಗಳಿಗೆ. ರಿಫ್ರೆಶ್ ದರದ ಸಂಗತಿ ಸ್ವಲ್ಪ ಬೇರೆ. ಹಳೆಯ ಸಿಆರ್‌ಟಿ ಮಾನಿಟರ್ 60 ಹರ್ಟ್ಸ್‌ನಲ್ಲಿ ಕಣ್ಣಿಗೆ ಮಿಣುಕುತ್ತಿತ್ತು. ಎಲ್‌ಸಿಡಿಯಲ್ಲಿ ಆ ತೊಂದರೆ ಇಲ್ಲದಿರುವುದರಿಂದ ಓದುಬರಹಕ್ಕೆ 60 ಹರ್ಟ್ಸ್ ಸಾಕು. 100 ಹರ್ಟ್ಸ್ ಇದ್ದರೆ ಪುಟ ಸರಿಸುವಾಗ ಚಲನೆ ನಯವಾಗಿ ಕಾಣುತ್ತದೆ.

ಆದರೆ ಕೆಲವು ಎಲ್‌ಸಿಡಿಗಳಲ್ಲಿ ಬೆಳಕು ತಗ್ಗಿಸಿದಾಗ ಹಿಂಬದಿಯ ದೀಪ ಅತಿ ವೇಗವಾಗಿ ಆರಿ ಹೊತ್ತುತ್ತಿರುತ್ತದೆ. ಕೆಲವರಿಗೆ ತಲೆನೋವು ತರುವ ಈ ಮಿಣುಕಾಟವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಬೆಳಕನ್ನು ಪೂರ್ತಿ ತಗ್ಗಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲೊಂದನ್ನು ವೇಗವಾಗಿ ಬೀಸಿದಾಗ ಅದು ತುಂಡುತುಂಡಾಗಿ ಕಂಡರೆ ದೀಪ ಮಿಣುಕುತ್ತಿದೆ ಎಂದರ್ಥ.

ಹಣ ಕೊಡುವ ಮುನ್ನ ಇನ್ನೂ ಮೂರು ಸಂಗತಿ ಗಮನಿಸಬೇಕು. ಒಂದು, ಕಂಪ್ಯೂಟರ್‌ನಲ್ಲಿರುವ ಸಂಪರ್ಕ: ಎಚ್‌ಡಿಎಂಐ 1.4 ಮಾತ್ರವಿರುವ ಹಳೆಯ ಯಂತ್ರ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲವಷ್ಟೇ ಕಳುಹಿಸಬಲ್ಲದು, ಮೌಸ್ ತಡವರಿಸಿದಂತೆ ತೋರುತ್ತದೆ. ಎರಡು, ಎತ್ತರ ಏರಿಳಿಸಬಲ್ಲ ಸ್ಟ್ಯಾಂಡ್. ಅದಿಲ್ಲದಿದ್ದರೆ ಬೇರೆ ಸ್ಟ್ಯಾಂಡಿಗೆ ಜೋಡಿಸಲು ಬೆನ್ನಿನಲ್ಲಿ ವೆಸಾ ಮಾದರಿಯ ರಂಧ್ರಗಳಾದರೂ ಇರಲಿ. ಮೂರು, ಸತ್ತ ಪಿಕ್ಸೆಲ್‌ಗಳ ಕುರಿತ ವಾರಂಟಿ ನಿಯಮ. ಒಂದೆರಡು ಬಿಂದು ಕೆಟ್ಟರೆ ಬದಲಿಸಿಕೊಡದ ತಯಾರಕರೂ ಇರುವುದರಿಂದ, ಬಿಳಿ ಮತ್ತು ಕಪ್ಪು ಬಣ್ಣ ತುಂಬಿ ಪರದೆಯನ್ನು ಅಲ್ಲೇ ನೋಡಿಕೊಳ್ಳುವುದು ಕ್ಷೇಮ. 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲಿದ್ದ ಶೇ. 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ಗಮನಿಸಬಹುದು.

ಕಣ್ಣಿನ ಕಾಳಜಿ

ಎಷ್ಟೇ ಒಳ್ಳೆಯ ಮಾನಿಟರ್ ಆದರೂ ತಪ್ಪಾದ ಜಾಗದಲ್ಲಿಟ್ಟರೆ ಪ್ರಯೋಜನವಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಕಿಟಕಿ ಬೆನ್ನಿಗಿದ್ದರೆ ಅದರ ಪ್ರತಿಬಿಂಬ ಪರದೆಯಲ್ಲಿ ಬೀಳುತ್ತದೆ, ಎದುರಿಗಿದ್ದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ಹಾಕಬೇಕು. ಪರದೆಯ ಪಕ್ಕದಲ್ಲಿ ಬಿಳಿ ಹಾಳೆ ಹಿಡಿದಾಗ ಎರಡೂ ಒಂದೇ ಬೆಳಕಿನಲ್ಲಿರುವಂತೆ ಕಂಡರೆ ಬ್ರೈಟ್‌ನೆಸ್ ಸರಿಯಾಗಿದೆ ಎಂದರ್ಥ. ಅಂಗಡಿಯಿಂದ ಬಂದ ಮಾನಿಟರ್‌ಗಳಲ್ಲಿ ಅದು ಅಗತ್ಯಕ್ಕಿಂತ ಹೆಚ್ಚಿರುವುದೇ ವಾಡಿಕೆ.

ನೀಲಿ ಬೆಳಕು ತಡೆಯುವ ಕನ್ನಡಕಗಳ ಪ್ರಚಾರ ಸಾಕಷ್ಟು ನಡೆದಿದೆ. ಆದರೆ ಅಂಥ ಕನ್ನಡಕಗಳಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವ ಕಡಿಮೆ ಎಂದೇ 2023ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ ಹೇಳಿದೆ. ಕಣ್ಣು ಉರಿಯಲು, ಒಣಗಲು ಮುಖ್ಯ ಕಾರಣ ಬೇರೆಯದೇ: ಪರದೆ ನೋಡುವಾಗ ಮನುಷ್ಯ ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ರೂಢಿಗೆ ಖರ್ಚೇನೂ ಇಲ್ಲ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ನೋಡಿಕೊಂಡರೂ ಕಣ್ಣಿಗೆ ಹಿತ. ಇಷ್ಟಾದರೂ ಅಕ್ಷರ ಮಸುಕಾಗಿ ಕಂಡರೆ ಮಾನಿಟರ್ ಬದಲಿಸುವ ಮೊದಲು ಕಣ್ಣಿನ ವೈದ್ಯರನ್ನು ಕಾಣಬೇಕು.

ಹಳೆಯದರ ವಿಲೇವಾರಿ

ಹೊಸತು ಬಂದ ಮೇಲೆ ಹಳೆಯ ಮಾನಿಟರ್ ಗುಜರಿಗೆ ಹೋಗುವುದೇ ಹೆಚ್ಚು. ಸಿಆರ್‌ಟಿಯ ಗಾಜಿನಲ್ಲಿ ಸೀಸವಿದೆ. ಎಲ್ಇಡಿ ಬರುವ ಮುನ್ನಿನ ಎಲ್‌ಸಿಡಿಗಳ ಟ್ಯೂಬ್ ದೀಪಗಳಲ್ಲಿ ಪಾದರಸವಿದೆ. ಒಡೆದರೆ ಎರಡೂ ಅಪಾಯಕಾರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೆಟ್ಟ ಮಾನಿಟರನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪಿಸುವುದು ಸೂಕ್ತ. ಕೆಲಸ ಮಾಡುತ್ತಿರುವ ಎಲ್‌ಸಿಡಿಯಾದರೆ ಎಸೆಯಬೇಕಾಗಿಯೇ ಇಲ್ಲ. ಹೊಸದರ ಪಕ್ಕದಲ್ಲಿಟ್ಟು ಎರಡನೆಯ ಪರದೆಯಾಗಿ ಜೋಡಿಸಿಕೊಂಡರೆ ಮೂಲ ಪ್ರತಿ ಒಂದರಲ್ಲಿ, ಬರವಣಿಗೆ ಇನ್ನೊಂದರಲ್ಲಿ ತೆರೆದಿಟ್ಟು ಕೆಲಸ ಮುಂದುವರಿಸಬಹುದು.