ವೈರ್‌ಲೆಸ್ ರಿಮೋಟ್ ಮತ್ತು ಹಳ್ಳಕ್ಕೆ ಬಿದ್ದ ಮಾರಿಯೋ

ಅಟ್ಟದ ಮೇಲಿದ್ದ ಹಳೆಯ ವಿಡಿಯೋ ಗೇಮ್ ಇಳಿಸಿ, ಧೂಳು ಒರೆಸಿ ಮತ್ತೆ ಆಡಲು ಕೂರುವವರು ಈಗ ಕಡಿಮೆಯೇನಿಲ್ಲ. ಎಷ್ಟೋ ಸಲ ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಕ್ಯಾಸೆಟ್ಟೂ ಓಡುತ್ತದೆ. ಕೈಕೊಡುವುದು ರಿಮೋಟು. ವೈರು ಬುಡದಲ್ಲೇ ತುಂಡಾಗಿರುತ್ತದೆ, ಬಟನ್ನಿನ ಕೆಳಗಿನ ರಬ್ಬರು ಸವೆದಿರುತ್ತದೆ. ಬೇರೆ ಕಂಪನಿಗಳ ಅಗ್ಗದ ವೈರ್‌ಲೆಸ್ ಕಂಟ್ರೋಲರ್ ಕೊಳ್ಳೋಣವೆಂದರೆ ನಾಲ್ಕು ಜನ ನಾಲ್ಕು ಮಾತು ಹೇಳಿ ಹೆದರಿಸುತ್ತಾರೆ. ನಿಂಟೆಂಡೊದ ಎನ್‌ಇಎಸ್, 1983ರಲ್ಲಿ ಜಪಾನಿನಲ್ಲಿ ಬಂದ ಅದರ ಮೂಲರೂಪ ಫ್ಯಾಮಿಕಾಮ್, ಮತ್ತು 90ರ ದಶಕದಲ್ಲಿ ನಮ್ಮ ಊರುಗಳಲ್ಲಿ ಮಾರಾಟವಾದ ಅದರ ನಕಲುಗಳನ್ನು ಮುಂದಿಟ್ಟುಕೊಂಡು ಆ ಮಾತುಗಳನ್ನು ಪರೀಕ್ಷಿಸಿ ನೋಡಬೇಕು.

ನಂಬಿಕೆ: ವೈರ್‌ಲೆಸ್ ಅಂದಮೇಲೆ ಬಟನ್ ಒತ್ತಿದ್ದು ತಡವಾಗಿಯೇ ತಲುಪುತ್ತದೆ.

ಮಾರಿಯೋ ಹಳ್ಳಕ್ಕೆ ಬಿದ್ದರೆ ಮೊದಲು ಬೈಗುಳ ತಿನ್ನುವುದು ವೈರ್‌ಲೆಸ್ ರಿಮೋಟೇ. ಆದರೆ ವೈರ್ ಇರುವ ಎನ್‌ಇಎಸ್ ರಿಮೋಟ್ ಕೆಲಸ ಮಾಡುವ ಬಗೆಯನ್ನೊಮ್ಮೆ ನೋಡಿ. ಅದರೊಳಗಿರುವುದು 4021 ಎಂಬ ಒಂದೇ ಒಂದು ಚಿಪ್, ಅದಕ್ಕೆ ಸೇರಿದ ಎಂಟು ಬಟನ್. ನೀವು ಒತ್ತಿದ ಕೂಡಲೇ ರಿಮೋಟ್ ತಾನಾಗಿ ಏನನ್ನೂ ಕಳಿಸುವುದಿಲ್ಲ. ಗೇಮು ಕೇಳಿದಾಗ ಮಾತ್ರ ಉತ್ತರ ಕೊಡುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂದು ಒಂದೊಂದಾಗಿ ವಿಚಾರಿಸಿಕೊಳ್ಳುವುದು ಗೇಮಿನ ಕೆಲಸ. ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಚಿತ್ರ ಮೂಡುವಷ್ಟರಲ್ಲಿ ಒಂದು ಸಲ ಹೀಗೆ ಕೇಳುತ್ತದೆ. ಅಮೆರಿಕ, ಜಪಾನಿನ ಯಂತ್ರಗಳಲ್ಲಿ ಸೆಕೆಂಡಿಗೆ ಸುಮಾರು 60 ಸಲ, ಪಾಲ್ ಎಂಬ ಟಿವಿ ಪದ್ಧತಿಯ ಯಂತ್ರಗಳಲ್ಲಿ 50 ಸಲ. ಹಾಗಾಗಿ ಹಾಜರಿ ಮುಗಿದ ಮರುಕ್ಷಣ ನೀವು ಒತ್ತಿದರೆ, ವೈರ್ ಇದ್ದರೂ ಸುಮಾರು 16ರಿಂದ 20 ಮಿಲಿಸೆಕೆಂಡ್ ಕಾಯಲೇಬೇಕು. 2.4 ಗಿಗಾಹರ್ಟ್ಸ್‌ನ ಒಂದು ಒಳ್ಳೆಯ ರಿಮೋಟ್ ಇದಕ್ಕೆ ಸೇರಿಸುವುದು ಕೆಲವೇ ಮಿಲಿಸೆಕೆಂಡ್. ಎಲ್ಲವೂ ಒಳ್ಳೆಯವಲ್ಲ, ನಿಧಾನದವೂ ಇವೆ. ಅದಕ್ಕೆ ಕಾರಣ ಯಂತ್ರಕ್ಕೆ ಸಿಕ್ಕಿಸುವ ರಿಸೀವರ್ ಒಳಗಿನ ಪ್ರೋಗ್ರಾಮೇ ಹೊರತು ವೈರ್ ಇಲ್ಲದಿರುವುದಲ್ಲ.

ಹಾಗಾದರೆ ಕೈಗೆ ಗೊತ್ತಾಗುವಷ್ಟು ತಡ ಬರುವುದೆಲ್ಲಿಂದ? ಬಹುಪಾಲು ಟಿವಿಯಿಂದ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಬಂದ ಸಿಗ್ನಲ್ಲನ್ನು ಬಂದ ಹಾಗೆಯೇ ತೋರಿಸಿಬಿಡುತ್ತಿತ್ತು. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ಹಿಡಿದಿಟ್ಟು, ಹಿಗ್ಗಿಸಿ, ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಈ ಯಂತ್ರಗಳು ಕಳಿಸುವುದು 240 ಗೆರೆಗಳ ಪೂರ್ಣ ಚಿತ್ರ. ಎಷ್ಟೋ ಹೊಸ ಟಿವಿಗಳು ಅದನ್ನು 480 ಗೆರೆಗಳ ಅರ್ಧರ್ಧ ಚಿತ್ರವೆಂದು ತಪ್ಪು ತಿಳಿದು, ಜೋಡಿಸುವ ಬೇಡದ ಕೆಲಸಕ್ಕೆ ಇಳಿಯುತ್ತವೆ. ಇಷ್ಟೆಲ್ಲ ಸೇರಿದರೆ ಹತ್ತಾರು ಮಿಲಿಸೆಕೆಂಡ್ ಕಳೆದುಹೋಗುತ್ತದೆ, ಕೆಲವು ಟಿವಿಗಳಲ್ಲಿ ನೂರು ದಾಟುವುದೂ ಉಂಟು. ಆದ್ದರಿಂದ ರಿಮೋಟನ್ನು ದೂರುವ ಮೊದಲು ಟಿವಿಯ ಗೇಮ್ ಮೋಡ್ ಹಾಕಿ. ಅದೇ ಟಿವಿಯಲ್ಲಿ ವೈರ್ ಇರುವ ರಿಮೋಟಿನಿಂದಲೂ ಆಡಿ ನೋಡಿ. ಆಗಲೂ ಮಾರಿಯೋ ತಡವಾಗಿ ಜಿಗಿದರೆ ವೈರ್‌ಲೆಸ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಈ ನಂಬಿಕೆ ಬುಡವಿಲ್ಲದೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಆ ಕಾಲದ ಅನೇಕ ವೈರ್‌ಲೆಸ್ ರಿಮೋಟ್‌ಗಳು ಇನ್‌ಫ್ರಾರೆಡ್‌ನವು. ನಿಂಟೆಂಡೊ ತಾನೇ 1989ರಲ್ಲಿ ತಂದ ಎನ್‌ಇಎಸ್ ಸ್ಯಾಟಲೈಟ್ ಕೂಡ ಇನ್‌ಫ್ರಾರೆಡ್‌ನದ್ದೇ. ನಡುವೆ ಯಾರಾದರೂ ಹಾದುಹೋದರೆ ಆಟ ಕೈತಪ್ಪುತ್ತಿತ್ತು. 2002ರಲ್ಲಿ ಗೇಮ್‌ಕ್ಯೂಬ್‌ಗಾಗಿ ಬಂದ ನಿಂಟೆಂಡೊದ ವೇವ್‌ಬರ್ಡ್ ರೇಡಿಯೊಗೆ ಬದಲಾಯಿಸಿಕೊಂಡಿತು. ಅಲ್ಲಿಂದ ಇಂಥ ದೂರು ನಿಲ್ಲಬೇಕಿತ್ತು.

ನಂಬಿಕೆ: ಆಟದ ನಡುವೆ ಸಿಗ್ನಲ್ ಹೋಗುತ್ತದೆ, ಅಗ್ಗದ್ದರ ಹಣೆಬರಹವೇ ಅಷ್ಟು.

ಸಿಗ್ನಲ್ ಹೋಗುವುದು ನಿಜ. ಬಟನ್ ಬಿಟ್ಟ ಮೇಲೂ ಮಾರಿಯೋ ತನ್ನ ಪಾಡಿಗೆ ಓಡುತ್ತಲೇ ಇದ್ದರೆ, ರಿಸೀವರ್ ಕೊನೆಗೆ ಬಂದ ಸುದ್ದಿಯನ್ನೇ ಹಿಡಿದು ಕೂತಿರಬಹುದು. ಆದರೆ ಆ ರಿಸೀವರ್ ಎಲ್ಲಿದೆ ನೋಡಿ. ಹಲವು ಮನೆಗಳಲ್ಲಿ ಟಿವಿ ಹಿಂದೆ, ವೈಫೈ ರೌಟರ್ ಪಕ್ಕದಲ್ಲೇ. ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡುತ್ತಿರುತ್ತವೆ. ರಿಸೀವರ್ ಕಣ್ಣಿಗೆ ಕಾಣುವ ಹಾಗೆ ಮುಂದಿಟ್ಟು, ರೌಟರ್ ಆಚೆ ಸರಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಸೆಲ್ ಇಳಿದಿದ್ದರೂ ಇದೇ ಕಾಟ.

ನಂಬಿಕೆ: ಬಟನ್‌ಗಳೆಲ್ಲ ಕೆಲಸ ಮಾಡುತ್ತಿವೆ ಅಂದರೆ ರಿಮೋಟ್ ಚೆನ್ನಾಗಿದೆ.

ಅಗ್ಗದ ರಿಮೋಟಿನ ನಿಜವಾದ ಹುಳುಕು ಗಾಳಿಯಲ್ಲಿಲ್ಲ, ಹೆಬ್ಬೆರಳ ಕೆಳಗಿದೆ. ನಿಂಟೆಂಡೊದ ಗುನ್ಪೇ ಯೊಕೊಯಿ 1982ರ ಡಾಂಕಿ ಕಾಂಗ್ ಗೇಮ್ ಆ್ಯಂಡ್ ವಾಚ್‌ಗಾಗಿ ರೂಪಿಸಿದ ಪ್ಲಸ್ ಆಕಾರದ ಬಟನ್ನೇ ಮುಂದೆ ಫ್ಯಾಮಿಕಾಮ್‌ಗೂ ಎನ್‌ಇಎಸ್‌ಗೂ ಬಂತು. ಎನ್‌ಇಎಸ್ ರಿಮೋಟ್ ಬಿಚ್ಚಿದರೆ ಆ ಪ್ಲಸ್ಸಿನ ನಡುಮಧ್ಯೆ ಒಂದು ಗುಬುಟು ಕಾಣುತ್ತದೆ. ಬಟನ್ ಅದರ ಮೇಲೆ ವಾಲುತ್ತದೆ: ಬಲ ಒತ್ತಿದರೆ ಎಡಭಾಗ ಮೇಲೇಳುತ್ತದೆ. ಹಾಗಾಗಿ ಎಡ ಬಲ ಎರಡೂ ಒಟ್ಟಿಗೆ ತಾಗುವುದು ಕಷ್ಟ. ಕಳಪೆ ರಿಮೋಟ್‌ಗಳಲ್ಲಿ ಈ ಗುಬುಟು ತೀರಾ ಗಿಡ್ಡವಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೆಳಗಿನ ರಬ್ಬರೂ ಮೆತ್ತಗೆ. ಪರಿಣಾಮ ಆಟದಲ್ಲಿ ಕಾಣುತ್ತದೆ. ಕಾಂಟ್ರಾದಲ್ಲಿ ಬಲಕ್ಕೆ ಓಡುತ್ತಿದ್ದೀರಿ, ಹೆಬ್ಬೆರಳು ಒಂದಿಷ್ಟು ಮೇಲಕ್ಕೆ ವಾಲಿತು, ಎದುರಿಗೆ ಹೋಗಬೇಕಿದ್ದ ಗುಂಡು ಓರೆಯಾಗಿ ಮೇಲೆ ಹಾರಿತು, ಎದುರಿಗಿದ್ದವ ನಿಮ್ಮನ್ನು ಮುಗಿಸಿದ. ಟೆಟ್ರಿಸ್‌ನಲ್ಲಿ ಎಡಕ್ಕೆ ಸರಿಸುವಾಗ ಕೆಳಗಿನ ಬಟನ್ನೂ ತಾಗಿದ್ದರಿಂದ ತುಂಡು ತಪ್ಪು ಜಾಗದಲ್ಲಿ ಕೂತಿತು. ಆಡುವವನಿಗೆ ಇದೂ ‘ವೈರ್‌ಲೆಸ್ ತೊಂದರೆ’ಯಂತೆಯೇ ಅನಿಸುತ್ತದೆ. ಎಷ್ಟೋ ರಿಮೋಟ್‌ಗಳ ಮೇಲೆ ಬಿದ್ದಿರುವ ಅಪವಾದ ಇದೇ.

ಕೊಂಡ ದಿನವೇ ಪರೀಕ್ಷಿಸಿ. ಕಾಂಟ್ರಾ ಹಾಕಿ ಬಲ ಬಟನ್ನನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹೆಬ್ಬೆರಳನ್ನು ಸಹಜವಾಗಿ ಅತ್ತಿತ್ತ ಆಡಿಸಿ. ಬಂದೂಕು ನೆಟ್ಟಗೆ ನಿಲ್ಲಬೇಕು. ಮಾರಿಯೋದಲ್ಲಿ ಬಿ ಒತ್ತಿಕೊಂಡೇ ಅದೇ ಬೆರಳಿನ ಬುಡದಿಂದ ಎ ಒತ್ತಿ. ಎರಡರ ನಡುವೆ ಅಂತರ ಹೆಚ್ಚಿದ್ದರೆ ಓಡುತ್ತಾ ಜಿಗಿಯುವುದು ಆಗುವುದಿಲ್ಲ. ಇದನ್ನು ಬೆಲೆ ನೋಡಿ ಹೇಳಲಾಗದು. ಶೆಂಜೆನ್‌ನ ಏಯ್ಟ್‌ಬಿಟ್‌ಡೊದಂಥ ಕಂಪನಿಗಳು ಇಂಥ ಹಳೆಯ ಯಂತ್ರಗಳಿಗೇ ರಿಸೀವರ್, ರಿಮೋಟ್ ಮಾಡಿ ಒಳ್ಳೆಯ ಹೆಸರು ಪಡೆದಿವೆ. ‘ಬೇರೆ ಕಂಪನಿಯದ್ದು’ ಎಂದ ಮಾತ್ರಕ್ಕೆ ತಳ್ಳಿಹಾಕುವುದು ಸರಿಯಲ್ಲ.

ನಂಬಿಕೆ: ರಿಸೀವರ್ ಕರೆಂಟ್ ಎಳೆದು ಗೇಮನ್ನೇ ಸುಡುತ್ತದೆ, ಪಿನ್ ವಿಷಯದಲ್ಲಿ ಭಯವಿಲ್ಲ, ಕೂತರೆ ಸಾಕು.

ಇಲ್ಲಿ ಭಯ ತಲೆಕೆಳಗಾಗಿದೆ. ಯಂತ್ರ ಕೊಡುವ 5 ವೋಲ್ಟ್‌ನಲ್ಲಿ ಇಷ್ಟು ಚಿಕ್ಕ ರೇಡಿಯೊ ಎಳೆಯುವ ಕರೆಂಟ್ ಅತ್ಯಲ್ಪ. ಹೆದರಬೇಕಾದದ್ದು ಪಿನ್ನಿಗೆ. ಎನ್‌ಇಎಸ್‌ನ 7 ಪಿನ್ನಿನ ಸಾಕೆಟ್ ಬೇರೆಯೇ ಆಕಾರದ್ದು, ಅಲ್ಲಿ ಗೊಂದಲವಿಲ್ಲ. ಆದರೆ ನಮ್ಮಲ್ಲಿ ಬಂದ ನಕಲು ಯಂತ್ರಗಳಲ್ಲಿ ಅನೇಕಕ್ಕೆ 9 ಪಿನ್ನಿನ ಸಾಕೆಟ್ ಇದೆ. ನೋಡಲು ಅದು ಅಟಾರಿ 2600 ಮತ್ತು ಸೆಗಾ ಮೆಗಾ ಡ್ರೈವ್‌ನ ಸಾಕೆಟ್ಟೇ. ಮೆಗಾ ಡ್ರೈವ್‌ನದೆಂದು ಮಾರುವ ರಿಸೀವರ್ ಇದಕ್ಕೂ ಸಲೀಸಾಗಿ ಕೂರುತ್ತದೆ. ಒಳಗಿನ ಜೋಡಣೆ ಮಾತ್ರ ಬೇರೆ. ಅಟಾರಿಯಲ್ಲಿ 5 ವೋಲ್ಟ್ ಬರುವುದು 7ನೇ ಪಿನ್ನಿಗೆ, ಮೆಗಾ ಡ್ರೈವ್‌ನಲ್ಲಿ 5ನೇ ಪಿನ್ನಿಗೆ, ನಕಲು ಯಂತ್ರಗಳದ್ದು ಮತ್ತೊಂದು ಬಗೆ. ಸಿಗ್ನಲ್ ಬರಬೇಕಾದ ಕಡೆ ವೋಲ್ಟೇಜ್ ನುಗ್ಗಿದರೆ ರಿಸೀವರ್ ಅಥವಾ ಯಂತ್ರ, ಯಾವುದು ಬೇಕಾದರೂ ಹೋಗಬಹುದು. ಆದ್ದರಿಂದ 9 ಪಿನ್ನಿನ ಯಂತ್ರವಿದ್ದರೆ ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಎಲ್ಲಿದೆ, ಗ್ರೌಂಡ್ ಎಲ್ಲಿದೆ ಎಂದು ನೋಡಿ, ರಿಸೀವರ್ ಜೊತೆ ಬಂದ ಚೀಟಿಗೆ ತಾಳೆ ಹಾಕಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿರಲಿ, ನಿಮ್ಮೂರಿನ ಟಿವಿ ರಿಪೇರಿ ಅಂಗಡಿಯಲ್ಲಿರಲಿ, ಐದು ನಿಮಿಷದಲ್ಲಿ ಇದನ್ನು ಮಾಡಿಕೊಡುವವರು ಸಿಗುತ್ತಾರೆ. ತಾಳೆಯಾಗದಿದ್ದರೆ ಆ ರಿಸೀವರ್ ಅಂಗಡಿಗೇ ವಾಪಸ್ ಹೋಗಲಿ.